‘ಬೇಡ’ ಎಂದವರ ಋಣ

ಕುಂದಾಪುರದಲ್ಲಿ ಹೊಳೆಯ ಈಚೆ ದಡಕ್ಕೆ ರೊಸಾರಿ ಮಾತೆಯ ಇಗರ್ಜಿ. ಆಚೆ ದಡದ ಗಂಗೊಳ್ಳಿಯಲ್ಲಿ ಕೊಸೆಸಾಂವ್ ಮಾತೆಯ ಇಗರ್ಜಿ. ‘ಕೊಸೆಸಾಂವ್’ ಎಂಬುದು ಪೋರ್ಚುಗೀಜಿನಿಂದ ಕೊಂಕಣಿಗೆ ಬಂದು ಕರಾವಳಿಯ ನಾಲಗೆಗೆ ಒಗ್ಗಿಹೋದ ಮಾತು. ಅದರ ಅರ್ಥ ಗರ್ಭಧಾರಣೆ. ಯೇಸುವಿನ ತಾಯಿ ಮರಿಯಮ್ಮ ತನ್ನ ತಾಯಿಯ ಹೊಟ್ಟೆಯಲ್ಲಿ ಮೂಡಿದ ದಿನವನ್ನು ಕಥೋಲಿಕರು ಡಿಸೆಂಬರ್ 8ರಂದು ಆಚರಿಸುತ್ತಾರೆ. ಅಲ್ಲಿಂದ ಬೆರಳು ಮಡಿಸಿ ಎಣಿಸಿದರೆ ಸರಿಯಾಗಿ ಒಂಬತ್ತು ತಿಂಗಳಿಗೆ ಸೆಪ್ಟೆಂಬರ್ 8. ಅಂದು ಆಕೆಯ ಜನ್ಮದಿನ, ನಮ್ಮ ಕಡೆಯ ಮೊಂತಿ ಹಬ್ಬ. ಮಾರ್ಚ್ 25 ದೇವದೂತನು ಮರಿಯಮ್ಮನಿಗೆ ಶುಭವಾರ್ತೆ ತಂದ ದಿನ. ಅಲ್ಲಿಂದ ಒಂಬತ್ತು ತಿಂಗಳಿಗೆ ಕ್ರಿಸ್ಮಸ್. ಬ್ರಹ್ಮಾವರದ ಸುರಿಯಾನಿ ಆರ್ಥಡಾಕ್ಸ್ ಕ್ರೈಸ್ತರು ರೋಮಿನ ಸಂಬಂಧವನ್ನು ಬಿಟ್ಟು ನೂರು ವರ್ಷಗಳ ಮೇಲಾಯಿತು. ಆದರೂ ಸೆಪ್ಟೆಂಬರ್ 8ನ್ನು ಅವರೂ ಬಿಟ್ಟಿಲ್ಲ. ಕ್ರೈಸ್ತರ ಪಂಚಾಂಗವನ್ನು ಸೂಲಗಿತ್ತಿಯೊಬ್ಬಳು ಎದುರಿಗೆ ಕೂತು ಬರೆಸಿದಂತಿದೆ.

ಈ ಪಂಚಾಂಗವನ್ನು ಒಪ್ಪಿದವರಿಗೆ ಗರ್ಭಪಾತದ ವಿಷಯದಲ್ಲಿ ಏನು ಹೇಳಬೇಕೆಂಬುದು ಹೊಸದಾಗಿ ಕಲಿಯಬೇಕಾದ ಪಾಠವಲ್ಲ. ಹುಟ್ಟಿದ ದಿನಕ್ಕಿರುವ ಗೌರವ ಮೂಡಿದ ದಿನಕ್ಕೂ ಉಂಟೆಂದ ಮೇಲೆ, ನಡುವಿನ ಒಂಬತ್ತು ತಿಂಗಳು ಕೇಳುವವರಿಲ್ಲದ ಬಯಲಾಗಿ ಉಳಿಯದು. ಆದುದರಿಂದ ಚರ್ಚು ‘ಬೇಡ’ ಎನ್ನುತ್ತದೆ. ನಾನು ಆ ‘ಬೇಡ’ವನ್ನು ಕೇಳುತ್ತ ಬೆಳೆದವನು, ಅದನ್ನು ಅಲ್ಲಗಳೆಯುವುದಕ್ಕೆಂದು ಈ ಲೇಖನ ಬರೆಯುತ್ತಿಲ್ಲ. ಆದರೆ ‘ಬೇಡ’ ಎಂದು ಹೇಳಿ ಎದ್ದುಹೋಗುವುದಕ್ಕೆ ಏನೂ ಖರ್ಚಿಲ್ಲ. ಆ ಮಾತನ್ನು ನಡೆಸಿಕೊಡುವುದಕ್ಕೆ ಖರ್ಚಿದೆ. ಅದನ್ನು ಕೊಡತಕ್ಕವರು ಯಾರು? ಹೇಳಿದವರೋ, ಕೇಳಿಸಿಕೊಂಡವಳೋ? ನನ್ನ ಪ್ರಶ್ನೆ ಇಷ್ಟೇ.

ಈ ನಿಷೇಧ ಎಷ್ಟು ಹಳೆಯದೆಂಬುದನ್ನು ಮೊದಲು ನೋಡೋಣ. ಮೊದಲನೆಯ ಶತಮಾನದ ಕೊನೆಗೋ ಎರಡನೆಯದರ ಆರಂಭಕ್ಕೋ ಸೇರಿದ ‘ದಿದಾಖೆ’ ಎಂಬ ಪುಟ್ಟ ಗ್ರೀಕ್ ಗ್ರಂಥವು ಗರ್ಭಪಾತವನ್ನೂ ಶಿಶುಹತ್ಯೆಯನ್ನೂ ಒಟ್ಟಿಗೇ ನಿಷೇಧಿಸುತ್ತದೆ. ಆ ಕಾಲದ ರೋಮಿನಲ್ಲಿ ಹುಟ್ಟಿದ ಮಗುವನ್ನು ಸಾಕಬೇಕೋ ಹೊರಗೆ ಬಿಡಬೇಕೋ ಎಂದು ತೀರ್ಮಾನಿಸುವ ಅಧಿಕಾರ ಮನೆಯ ಯಜಮಾನನದಾಗಿತ್ತು. ಗರ್ಭ ಇಳಿಸಲು ಕೊಡುತ್ತಿದ್ದ ಮದ್ದು ಎಷ್ಟೋ ಸಲ ತಾಯಿಯನ್ನೂ ಕೊಲ್ಲುತ್ತಿತ್ತು. ಶಿಶುಹತ್ಯೆ ಅಪರಾಧವೆಂದು ರೋಮನ್ ಚಕ್ರವರ್ತಿ ಕಟ್ಟಳೆ ಮಾಡಿದ್ದು ಕ್ರಿ.ಶ. 374ರಲ್ಲಿ. ಅದಕ್ಕೆ ಹಿಂದಿನ ಬಹುಕಾಲ ಕ್ರೈಸ್ತರ ಕೈಯಲ್ಲಿ ಕಾನೂನಿರಲಿಲ್ಲ, ಕೋರ್ಟಿರಲಿಲ್ಲ, ಸರಕಾರವಿರಲಿಲ್ಲ. ಅವರಿಂದ ಆಗುತ್ತಿದ್ದುದು ಎರಡೇ: ತಮ್ಮ ಮಕ್ಕಳನ್ನು ಬಿಡದಿರುವುದು, ಬೇರೆಯವರು ಬಿಟ್ಟುಹೋದ ಮಕ್ಕಳನ್ನು ಎತ್ತಿ ತಂದು ಸಾಕುವುದು. ‘ಬೇಡ’ ಎಂಬ ಮಾತೂ ‘ಇಲ್ಲಿ ಕೊಡಿ’ ಎಂದು ಚಾಚಿದ ಕೈಯೂ ಅಂದು ಜೊತೆಯಾಗಿಯೇ ಇದ್ದವು. ಇದನ್ನು ನೆನಪಿನಲ್ಲಿಡಬೇಕು.

ಅನಂತರ ವಿದ್ವಾಂಸರ ಕಾಲ ಬಂತು. ಗರ್ಭಕ್ಕೆ ಆತ್ಮ ಬರುವುದು ಯಾವಾಗ ಎಂಬ ಚರ್ಚೆ ಎದ್ದಿತು. ಗಂಡಾದರೆ 40 ದಿನಕ್ಕೆ, ಹೆಣ್ಣಾದರೆ 90 ದಿನಕ್ಕೆ ರೂಪುಗೊಳ್ಳುತ್ತದೆ ಎಂದು ಅರಿಸ್ಟಾಟಲ್ ಬರೆದಿದ್ದ. 13ನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಅದೇ ದಾರಿಯನ್ನು ಹಿಡಿದು, ಗರ್ಭಕ್ಕೆ ಮನುಷ್ಯಾತ್ಮ ಬರುವುದು ಮೊದಲಲ್ಲ, ಮೆಲ್ಲಮೆಲ್ಲನೆ ಎಂದರು. ಆದರೆ ಅದಕ್ಕೆ ಮುಂಚೆ ಮಾಡಿದ ಗರ್ಭಪಾತವೂ ಪಾಪವೆಂಬುದರಲ್ಲಿ ಅವರಿಗೆ ಸಂದೇಹವಿರಲಿಲ್ಲ. ಪೂರ್ವದ ಚರ್ಚುಗಳು ಗುರುವೆಂದು ಗೌರವಿಸುವ ಸಂತ ಬಸೀಲಿಯರು 4ನೆಯ ಶತಮಾನದಲ್ಲಿಯೇ ‘ರೂಪುಗೊಂಡದ್ದು, ರೂಪುಗೊಳ್ಳದ್ದು’ ಎಂಬ ಲೆಕ್ಕಾಚಾರವನ್ನು ಬದಿಗೆ ಸರಿಸಿದ್ದರು. ರೋಮಿನಲ್ಲಿ ಮಾತ್ರ ದಂಡನೆಯ ವಿಷಯ ಓಲಾಡುತ್ತಲೇ ಬಂತು. 1588ರಲ್ಲಿ ಐದನೆಯ ಸಿಕ್ಸ್ತುಸ್ ಪೋಪರು ಎಲ್ಲ ಹಂತದ ಗರ್ಭಪಾತಕ್ಕೂ ಒಂದೇ ಘೋರ ದಂಡನೆ ವಿಧಿಸಿದರು. 1591ರಲ್ಲಿ ಹದಿನಾಲ್ಕನೆಯ ಗ್ರೆಗೊರಿಯವರು ಅದನ್ನು ಸಡಿಲಿಸಿದರು. 1869ರಲ್ಲಿ ಒಂಬತ್ತನೆಯ ಪಿಯುಸರು ಹಂತಗಳ ಭೇದವನ್ನು ದಂಡನೆಯಿಂದ ತೆಗೆದುಹಾಕಿದರು. ನಿಷೇಧ ಬದಲಾಗಲಿಲ್ಲ; ಅದರ ತೂಕ ಎಷ್ಟೆಂಬುದರಲ್ಲಿ ದೊಡ್ಡವರೇ ಒಮ್ಮತದಿಂದಿರಲಿಲ್ಲ. ಇಷ್ಟನ್ನು ತಿಳಿದವನು ಈ ವಿಷಯದಲ್ಲಿ ಧ್ವನಿ ಎತ್ತರಿಸುವ ಮುಂಚೆ ಒಂದು ಉಸಿರು ತಡೆಯುತ್ತಾನೆ.

ವಿದ್ವಾಂಸರ ಈ ಜಗಳ ನಮ್ಮ ಬೈಲಿನ ರೈತನಿಗೆ ಹೊಸದಲ್ಲ. ಮೊಂತಿ ಹಬ್ಬದ ಹೊತ್ತಿಗೆ ಕದಿರು ಹೊರಗೆ ಬಂದು ಕಾಳಿನಲ್ಲಿ ಹಾಲು ತುಂಬಿರುತ್ತದೆ. ಹಾಲುಗಾಳು ಅಕ್ಕಿಯೇ? ಅಂಗಡಿಯವನನ್ನು ಕೇಳಿದರೆ ಅಲ್ಲ. ಆದರೆ ಆ ಗದ್ದೆಗೆ ದನ ನುಗ್ಗಿದರೆ ‘ಅಕ್ಕಿಯಲ್ಲವಲ್ಲ, ಹೋಗಲಿ’ ಎಂದು ಸುಮ್ಮನಿರುವ ರೈತನಿಲ್ಲ. ಘಟ್ಟದ ಮೇಲಿನವರು ಭೂಮಿ ಹುಣ್ಣಿಮೆಯಂದು ಬಸುರಿಗೆ ಬಯಕೆಯೂಟ ಬಡಿಸಿದಂತೆ ಪೈರಿಗೆ ಚರಗ ಚೆಲ್ಲುತ್ತಾರೆ. ಆಗಲಿರುವುದನ್ನು ಈಗಲೇ ಗೌರವಿಸುವ ಬುದ್ಧಿ ಕ್ರೈಸ್ತರದು ಮಾತ್ರವಲ್ಲ. ಭ್ರೂಣಹತ್ಯೆಯನ್ನು ಘೋರ ಪಾತಕವೆಂದು ನಮ್ಮ ಧರ್ಮಶಾಸ್ತ್ರಗಳೂ ಎಣಿಸಿವೆ.

ಇಂದಿನ ವಿಜ್ಞಾನ ಈ ಬುದ್ಧಿಗೆ ಇನ್ನಷ್ಟು ಆಧಾರ ಕೊಟ್ಟಿದೆ. ಗರ್ಭ ಕಟ್ಟಿದಂದಿನಿಂದಲೇ ಅದು ತಾಯಿಯದೂ ಅಲ್ಲದ, ತಂದೆಯದೂ ಅಲ್ಲದ ಬೇರೊಂದು ಜೀವದ ಬೆಳವಣಿಗೆ. ಅದು ‘ವ್ಯಕ್ತಿ’ಯಾಗುವುದು ಯಾವ ಗಳಿಗೆಯಲ್ಲಿ ಎಂಬುದನ್ನು ಮಾತ್ರ ಯಾವ ಸೂಕ್ಷ್ಮದರ್ಶಕವೂ ತೋರಿಸದು. ಇಲ್ಲಿ ಹಳೆಯ ಧರ್ಮಗುರುಗಳು ಬೇಟೆಗಾರನ ದೃಷ್ಟಾಂತ ಹೇಳುತ್ತಿದ್ದರು. ಬೈಂದೂರಿನ ಕಾಡಿನಂಚಿನ ಗದ್ದೆಯಲ್ಲಿ ರಾತ್ರಿ ಪೊದೆ ಅಲ್ಲಾಡುತ್ತದೆ. ಹಂದಿಯೋ ಮನುಷ್ಯನೋ ತಿಳಿಯದು. ತಿಳಿಯದಿದ್ದಾಗ ಕೋವಿ ಹಾರಿಸಬಾರದು. ಸಂದೇಹವು ಸ್ವಾತಂತ್ರ್ಯವಲ್ಲ, ಹೊಣೆ. ಈ ವಾದ ಗಟ್ಟಿಯಾದುದೆಂದು ನಾನು ನಂಬುತ್ತೇನೆ.

ಆದರೆ ಗದ್ದೆಯ ಮಾತೂ ಪೊದೆಯ ಮಾತೂ ಒಂದು ಕಡೆ ಸೋಲುತ್ತವೆ. ಹೆಣ್ಣು ಗದ್ದೆಯಲ್ಲ, ಪೊದೆಯಂತೂ ಅಲ್ಲ. ಗದ್ದೆಗೆ ವಾಂತಿಯಾಗುವುದಿಲ್ಲ, ಗದ್ದೆ ಹೆದರುವುದಿಲ್ಲ, ಗದ್ದೆಯನ್ನು ನಾಲ್ಕು ಜನ ಆಡಿಕೊಳ್ಳುವುದಿಲ್ಲ, ಹೆರುವಾಗ ಗದ್ದೆ ಸಾಯುವುದಿಲ್ಲ. ನಾವು ಗಂಡಸರು ಈ ವಿಷಯದಲ್ಲಿ ಬರೆದ ಗ್ರಂಥಗಳಲ್ಲೆಲ್ಲ ಒಳಗಿನ ಜೀವದ ಬಗ್ಗೆ ಪುಟಗಟ್ಟಲೆ ಇದೆ. ಅದನ್ನು ಹೊತ್ತವಳ ಬಗ್ಗೆ ಸಾಲುಗಳೂ ಅಪರೂಪ. ಸುವಾರ್ತೆಯಲ್ಲಿ ಹಾಗಿಲ್ಲ. ದೇವದೂತ ಬಂದು ಹೇಳಬೇಕಾದುದನ್ನು ಹೇಳಿದ ಮೇಲೆ ಮರಿಯಮ್ಮ ಪ್ರಶ್ನೆ ಕೇಳುತ್ತಾಳೆ; ಉತ್ತರ ಪಡೆಯುತ್ತಾಳೆ; ಅನಂತರ ಒಪ್ಪುತ್ತಾಳೆ. ಸರ್ವಶಕ್ತನೆಂದು ನಾವು ನಂಬಿದ ದೇವರೂ ಹಳ್ಳಿಯ ಹುಡುಗಿಯೊಬ್ಬಳ ಒಪ್ಪಿಗೆಗೆ ಕಾದ. ಇನ್ನು ಜೋಸೆಫನ ಸಂಗತಿ. ತನಗೆ ನಿಶ್ಚಯವಾದ ಹುಡುಗಿ ಮದುವೆಗೆ ಮುಂಚೆಯೇ ಬಸುರಿ. ಇಂಥವಳಿಗೆ ಕಲ್ಲೇಟಿನ ಶಿಕ್ಷೆ ಅಂದಿನ ಶಾಸ್ತ್ರದಲ್ಲಿ ಬರೆದಿತ್ತು. ಸುವಾರ್ತೆ ಅವನನ್ನು ನೀತಿವಂತನೆಂದು ಕರೆಯುವುದು ಆ ಶಾಸ್ತ್ರವನ್ನು ನಡೆಸಿದುದಕ್ಕಲ್ಲ. ಅವಳ ಮಾನವನ್ನು ಬೀದಿಗೆಳೆಯಲು ಮನಸ್ಸಾಗದ ಸಂದರ್ಭದಲ್ಲಿ. ಕ್ರಿಸ್ಮಸ್ಸಿನ ಕಥೆಯಲ್ಲಿ ಈ ಎರಡು ಸಂಗತಿಗಳನ್ನು ದಾಟಿಕೊಂಡು ನೇರವಾಗಿ ಗೋದಲಿಗೆ ಹೋಗುವ ಅಭ್ಯಾಸ ನಮ್ಮದು.

ಹೊತ್ತವಳನ್ನು ಮರೆತ ‘ಬೇಡ’ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಕನ್ನಡನಾಡಿನ ಮಗಳೊಬ್ಬಳ ಮರಣ ಜಗತ್ತಿಗೇ ತೋರಿಸಿತು. ಬೆಳಗಾವಿಯ ಸವಿತಾ ಹಾಲಪ್ಪನವರ ಐರ್ಲೆಂಡಿನ ಗಾಲ್ವೇ ನಗರದಲ್ಲಿದ್ದ ದಂತವೈದ್ಯೆ; ವಯಸ್ಸು 31. ಬೇಕೆಂದು ಬಯಸಿದ್ದ ಬಸಿರು. 2012ರ ಅಕ್ಟೋಬರ್ 21ರಂದು, 17 ವಾರಗಳಾಗಿದ್ದಾಗ, ಬೆನ್ನುನೋವೆಂದು ಆಸ್ಪತ್ರೆಗೆ ಹೋದರು. ಗರ್ಭ ನಿಲ್ಲುವುದಿಲ್ಲ, ಮಗು ಉಳಿಯುವುದಿಲ್ಲ ಎಂದು ವೈದ್ಯರು ತಿಳಿಸಿದರು. ಹಾಗಿದ್ದರೆ ಗರ್ಭವನ್ನು ತೆಗೆದುಬಿಡಿ ಎಂದು ಸವಿತಾ ಬೇಡಿಕೊಂಡರು. ಭ್ರೂಣದ ಎದೆ ಇನ್ನೂ ಬಡಿಯುತ್ತಿತ್ತು. ದೇಶದ ಕಾನೂನು ಅಡ್ಡ ಬಂತು. ಇದು ಕಥೋಲಿಕ ದೇಶವೆಂಬ ಮಾತೂ ಆಕೆಯ ಕಿವಿಗೆ ಬಿತ್ತು. ಹಾಗೆ ಹೇಳಿದ್ದು ಹೌದು, ನೋಯಿಸಬೇಕೆಂದಲ್ಲ, ಎಂದು ಅಲ್ಲಿಯ ಸೂಲಗಿತ್ತಿಯೊಬ್ಬರು ಆಮೇಲೆ ವಿಚಾರಣೆಯಲ್ಲಿ ಒಪ್ಪಿದರು. 24ರಂದು ಆ ಎದೆಬಡಿತ ನಿಂತಿತು. ಅಷ್ಟರಲ್ಲಿ ನಂಜು ತಾಯಿಯ ರಕ್ತಕ್ಕೇರಿತ್ತು. 28ರಂದು ಸವಿತಾ ತೀರಿಕೊಂಡರು. ಆಕೆ ಕಥೋಲಿಕಳೂ ಅಲ್ಲ, ಐರ್ಲೆಂಡಿನವಳೂ ಅಲ್ಲ.

ನ್ಯಾಯವಾಗಿ ಹೇಳಬೇಕಾದರೆ, ಕಾನೂನು ಒಂದೇ ಆಕೆಯನ್ನು ಕೊಂದಿತೆನ್ನುವಂತಿಲ್ಲ. ನಂಜಿನ ಲಕ್ಷಣಗಳನ್ನು ಹೊತ್ತಿಗೆ ಸರಿಯಾಗಿ ಗಮನಿಸದೆ ಹೋದ ಲೋಪಗಳೂ ವಿಚಾರಣೆಯಲ್ಲಿ ಹೊರಬಂದವು. 1983ರಲ್ಲಿ ಐರ್ಲೆಂಡ್ ತನ್ನ ಸಂವಿಧಾನಕ್ಕೆ ಸೇರಿಸಿಕೊಂಡ ತಿದ್ದುಪಡಿಯಲ್ಲಿ ಕೂಡ ತಾಯಿಯ ಜೀವದ ಹಕ್ಕೂ ಸಮಾನವೆಂದೇ ಬರೆದಿತ್ತು. ತಾಯಿಯ ಜೀವಕ್ಕಿಂತ ಮಗುವಿನ ಜೀವ ಮೇಲೆಂದು ಚರ್ಚು ಎಂದೂ ಬೋಧಿಸಿಲ್ಲವೆಂದು ಅಲ್ಲಿಯ ಬಿಷಪರು ಹೇಳಿಕೆ ಕೊಟ್ಟರು. ಅದು ನಿಜ. 1951ರಷ್ಟು ಹಿಂದೆಯೇ ಹನ್ನೆರಡನೆಯ ಪಿಯುಸ್ ಪೋಪರು, ತಾಯಿಯನ್ನು ಉಳಿಸಲು ಅವಶ್ಯವಾದ ಚಿಕಿತ್ಸೆಯಿಂದ, ಉದ್ದೇಶವಿಲ್ಲದೆ, ಮಗು ಸತ್ತರೆ ಆ ಚಿಕಿತ್ಸೆ ದೋಷವಲ್ಲವೆಂದು ವಿವರಿಸಿದ್ದರು. ಗ್ರಂಥದಲ್ಲಿ ಎಲ್ಲವೂ ಸರಿಯಾಗಿತ್ತು. ಆದರೆ ಹಾಸಿಗೆಯ ಬಳಿಗೆ ಬರುವ ಹೊತ್ತಿಗೆ ಆ ಧರ್ಮದಲ್ಲಿ ಉಳಿದಿದ್ದುದು ‘ಬೇಡ’ ಎಂಬ ಒಂದೇ ಶಬ್ದ. ಉಳಿಯಲಾರದ ಜೀವದ ಎದೆಬಡಿತವನ್ನು ಎಣಿಸುತ್ತ ಕೂತವರು ಉಳಿಯಬಹುದಾಗಿದ್ದ ಜೀವದ ನಾಡಿಯನ್ನು ಎಣಿಸಲಿಲ್ಲ.

ಪ್ರೊಟೆಸ್ಟಂಟರ ದಾರಿ ಸ್ವಲ್ಪ ಬೇರೆ. ನಮ್ಮ ಜಿಲ್ಲೆಗೆ ಆ ಪಂಥ ಬಂದುದು ಬಾಸೆಲಿನಿಂದ. ಅದೇ ಬಾಸೆಲಿನ ಕಾರ್ಲ್ ಬಾರ್ಟ್ ಎಂಬ ದೇವಶಾಸ್ತ್ರಜ್ಞರು 1951ರಲ್ಲಿ ಪ್ರಕಟವಾದ ಸಂಪುಟದಲ್ಲಿ ಈ ವಿಷಯವನ್ನು ಎತ್ತಿಕೊಂಡರು. ಅವರ ನಿಷೇಧವೂ ಕಡಿಮೆ ಕಠಿಣವಲ್ಲ. ಆದರೆ ಜೀವಕ್ಕೆದುರಾಗಿ ಜೀವವೇ ನಿಂತ ಕಡೆ, ದೇವರೆದುರು ತಲೆಬಾಗಿ ಮನುಷ್ಯ ತೀರ್ಮಾನಿಸಬೇಕಾದ ಸಂದರ್ಭ ಉಂಟೆಂದು ಅವರು ಒಪ್ಪಿದರು. ನನಗೆ ತೋರುವುದೂ ಹೀಗೆಯೇ: ಎರಡೂ ಮುಳುಗುವ ದೋಣಿಯಿಂದ ಒಂದನ್ನಾದರೂ ದಡಕ್ಕೆ ತಂದವನು ಇನ್ನೊಂದನ್ನು ಕೊಂದವನಲ್ಲ. ಇದರಲ್ಲಿ ನನಗಿಂತ ತಿಳಿದವರು ಭಿನ್ನಾಭಿಪ್ರಾಯ ಉಳ್ಳವರಾಗಿರಬಹುದು.

ಐರ್ಲೆಂಡಿನ ಜನ 2018ರ ಮೇ 25ರಂದು ಮತ ಹಾಕಿ ಆ ತಿದ್ದುಪಡಿಯನ್ನೇ ಕಿತ್ತುಹಾಕಿದರು. ನೂರಕ್ಕೆ 66 ಮಂದಿ ಅದರ ಪರ. ಕ್ರೈಸ್ತನಿಗೆ ಇದರಲ್ಲಿ ಪಾಠವಿದೆ. ಪ್ರೀತಿಯಿಲ್ಲದೆ ಕಾನೂನಿನ ಬಲದಿಂದ ನಿಲ್ಲಿಸಿದ ‘ಬೇಡ’ ಬಿದ್ದಾಗ ಅದರೊಡನೆ ಧರ್ಮದ ಮೇಲಿನ ನಂಬಿಕೆಯೂ ಸ್ವಲ್ಪ ಬೀಳುತ್ತದೆ.

ಇನ್ನು ನಮ್ಮ ದೇಶ. ಇಲ್ಲಿ 1971ರಿಂದಲೇ ಗರ್ಭಪಾತಕ್ಕೆ ಷರತ್ತುಗಳೊಡನೆ ಕಾನೂನಿನ ಅನುಮತಿಯಿದೆ. 2021ರ ತಿದ್ದುಪಡಿ ಕೆಲವು ವರ್ಗದ ಹೆಂಗಸರಿಗೆ ಅವಧಿಯನ್ನು 24 ವಾರಗಳವರೆಗೆ ಏರಿಸಿತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು, ಅವಿವಾಹಿತೆಗೂ ವಿವಾಹಿತೆಗೂ ಇದರಲ್ಲಿ ಭೇದವಿಲ್ಲವೆಂದು ತೀರ್ಪಿತ್ತಿತು. ಕಾನೂನು ಬಾಗಿಲನ್ನು ತೆರೆದಿದೆ. ಒಳಗೆ ಹೋಗೆಂದು ಯಾರನ್ನೂ ನೂಕಿಲ್ಲ. ನೂಕುವವರು ಬೇರೆ ಇದ್ದಾರೆ. 2023ರ ಕೊನೆಯಲ್ಲಿ ಮಂಡ್ಯದ ಕಡೆಯ ಭ್ರೂಣಹತ್ಯೆಯ ಜಾಲ ಬಯಲಾದಾಗ, ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಬಸುರಿಯರ ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ನೋಡುತ್ತಿದ್ದರೆಂಬುದನ್ನು ನಾಡೆಲ್ಲ ಓದಿತು. ಭ್ರೂಣದ ಲಿಂಗಪತ್ತೆಯನ್ನು ನಿಷೇಧಿಸುವ ಕಾನೂನು 1994ರಲ್ಲಿಯೇ ಆಗಿತ್ತು. ಬೆಲ್ಲ ಬೇಯುವ ಜಾಗದಲ್ಲಿ ಹೆಣ್ಣುಮಕ್ಕಳ ಹಣೆಬರಹ ಬರೆಯುತ್ತಿತ್ತು. ಅಲ್ಲಿಗೆ ಬಂದ ತಾಯಂದಿರಲ್ಲಿ ಸ್ವಂತ ಇಚ್ಛೆಯಿಂದ ಬಂದವರೆಷ್ಟು, ಅತ್ತೆ ಮಾವ ಗಂಡ ಕರೆತಂದವರೆಷ್ಟು? ಹೆಣ್ಣಿನ ಇಚ್ಛೆಯೆಂದು ನಾವು ಕರೆಯುವುದು ಎಷ್ಟೋ ಸಲ ಮನೆಯ ಯಜಮಾನನ ಇಚ್ಛೆಯೇ, ಅಂದಿನ ರೋಮಿನಂತೆ. ಹೆಣ್ಣುಮಗುವೊಂದರ ಹುಟ್ಟನ್ನೇ ಹಬ್ಬವಾಗಿ, ಒಂಬತ್ತು ದಿನ ಮಕ್ಕಳಿಂದ ಹೂ ಎರಚಿಸಿ ಆಚರಿಸುವ ನಾವು ಇಲ್ಲಿ ‘ಬೇಡ’ ಎನ್ನದಿದ್ದರೆ ಇನ್ನೆಲ್ಲಿ ಎನ್ನಬೇಕು?

ಆದರೆ ಆ ಹೂಗಳ ಬಗ್ಗೆ ನನ್ನದೊಂದು ತಪ್ಪೊಪ್ಪಿಗೆಯಿದೆ. ಬಹಳ ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಬಡಮನೆಯ ಹುಡುಗಿ ಮದುವೆಯಿಲ್ಲದೆ ಬಸುರಿಯಾದಳು. ಕುಂದಾಪುರದಿಂದ ಮುಂಬಯಿಗೆ ಹೋಗುವ ಬಸ್ಸು ಇಂಥ ಎಷ್ಟು ಕಷ್ಟಗಳನ್ನು ಹೊತ್ತು ಹೋಗಿದೆಯೋ ದೇವರೇ ಬಲ್ಲ. ಈಕೆ ಬಸ್ಸು ಹತ್ತಲಿಲ್ಲ. ಚಿಕ್ಕಂದಿನಿಂದ ಕೇಳಿದ್ದ ‘ಬೇಡ’ವನ್ನು ನಂಬಿ ಮಗುವನ್ನು ಹೆತ್ತಳು. ಅಂದರೆ, ನಾವು ಏನನ್ನು ಹೇಳುತ್ತಿದ್ದೆವೋ ಅದನ್ನೇ ಮಾಡಿದಳು. ನಾವು ಮಾಡಿದ್ದೇನು? ಬಾಣಂತಿಯ ಮದ್ದಿಗೆ ಇದೆಯೇ ಎಂದು ಕೇಳಲಿಲ್ಲ. ಮಗು ಯಾರದೆಂದು ಕೇಳಿದೆವು. ಆ ವರ್ಷದ ಮೊಂತಿ ಹಬ್ಬಕ್ಕೆ ಅವರ ಮನೆಯಿಂದ ಯಾರೂ ಬರಲಿಲ್ಲ. ಹಬ್ಬಕ್ಕೆ ಬರಲಾಗದವರ ಮನೆಗೆ ಆಶೀರ್ವಾದದ ಕದಿರನ್ನು ಯಾರಾದರೂ ಒಯ್ದು ಕೊಡುವ ವಾಡಿಕೆ ನಮ್ಮಲ್ಲಿದೆ. ಅವರ ಮನೆಗೆ ಯಾರೂ ಒಯ್ಯಲಿಲ್ಲ. ಆ ಮನೆ ನಮ್ಮ ದಾರಿಯಲ್ಲಿಯೇ ಇತ್ತು. ನಾನು ಕೈಯಲ್ಲಿ ಕದಿರು ಹಿಡಿದುಕೊಂಡೇ ಅದನ್ನು ದಾಟಿ ಹೋದೆ. ನನ್ನನ್ನು ಯಾರೂ ತಡೆದಿರಲಿಲ್ಲ. ಅವಳು ಮದ್ದು ತಿಂದು ಗುಟ್ಟಾಗಿ ಮುಗಿಸಿದ್ದರೆ ಅದೇ ಹಬ್ಬಕ್ಕೆ ಬಂದು ನಮ್ಮ ಸಾಲಿನಲ್ಲಿಯೇ ಕೂರಬಹುದಾಗಿತ್ತು. ನಾವು ಬಾಯಿಂದ ಒಂದು ಪಾಠ ಹೇಳಿ ನಡತೆಯಿಂದ ಇನ್ನೊಂದನ್ನು ಕಲಿಸಿದೆವು.

ಚರ್ಚಿನ ಕಟ್ಟಳೆ ನಮಗಿಂತ ದಯಾವಂತವಾಗಿದೆ. ಗರ್ಭಪಾತಕ್ಕೆ ಬಹಿಷ್ಕಾರದ ದಂಡನೆಯಿರುವುದು ನಿಜ. ಆದರೆ ಹದಿನಾರು ತುಂಬದ ಹುಡುಗಿಗೆ ಆ ದಂಡನೆಯಿಲ್ಲ. ತೀವ್ರ ಭಯಕ್ಕೆ ಸಿಕ್ಕಿ ಮಾಡಿದವಳಿಗೆ ಅದು ತಾನಾಗಿ ತಗಲುವುದಿಲ್ಲ. ಆದರೆ ಯಾರ ನೆರವಿಲ್ಲದೆ ಆ ಕೆಲಸ ನಡೆಯುತ್ತಿರಲಿಲ್ಲವೋ ಅವರನ್ನು ಅದು ಬಿಡುವುದಿಲ್ಲ. ಅಂದರೆ ಕಟ್ಟಳೆ ಬರೆದವರು ಹುಡುಗಿಯ ಭಯವನ್ನೂ ಸುತ್ತಲಿನವರ ಪಾತ್ರವನ್ನೂ ಲೆಕ್ಕಕ್ಕೆ ಹಿಡಿದಿದ್ದರು. 2016ರಲ್ಲಿ ಫ್ರಾನ್ಸಿಸ್ ಪೋಪರು, ಪಶ್ಚಾತ್ತಾಪದಿಂದ ಬಂದವರ ಈ ಪಾಪವನ್ನು ಕ್ಷಮಿಸುವ ಅಧಿಕಾರವನ್ನು ಎಲ್ಲ ಗುರುಗಳಿಗೂ ಕೊಟ್ಟರು. ಹಳ್ಳಿಯ ಪಾದ್ರಿ ಕ್ಷಮಿಸಬಲ್ಲ, ಕ್ಷಮಿಸದವರು ನೆರೆಕರೆಯವರು. ಆ ಹುಡುಗಿಯ ತೀವ್ರ ಭಯವೆಂದರೆ ಯಾವುದು? ನರಕದ ಭಯವಲ್ಲ, ನಮ್ಮ ಭಯ.

ಹಾಗಾದರೆ ಏನು ಮಾಡಬೇಕು ಎಂದು ವಾಚಕರು ಕೇಳಬಹುದು. ‘ಬೇಡ’ವನ್ನು ಹಿಂದೆಗೆದುಕೊಳ್ಳಬೇಕೆಂದು ನಾನು ಹೇಳುವುದಿಲ್ಲ, ಅದನ್ನು ಹೇಳುವವರು ಸಾಲಗಾರರಾಗುತ್ತಾರೆಂಬುದನ್ನು ತಿಳಿದು ಹೇಳಬೇಕು. ಗೇರುಬೀಜದ ಕಾರ್ಖಾನೆಯಲ್ಲಿ ದುಡಿದು ಮೂರು ಮಕ್ಕಳನ್ನು ಸಾಕುವವಳು ನಾಲ್ಕನೆಯದನ್ನು ಹೆರಬೇಕೆಂದು ಬಯಸುವವನು, ಅವಳು ಕೆಲಸಕ್ಕೆ ಹೋಗಲಾಗದ ದಿನಗಳ ಅಕ್ಕಿಗೆ ಹೊಣೆ. ಮದುವೆಯಿಲ್ಲದ ತಾಯಿಯ ಮಗು ಹುಟ್ಟಲೆನ್ನುವವನು ಆ ಮಗುವಿನ ಜ್ಞಾನಸ್ನಾನದ ದಿನ ಮುಂದಿನ ಬೆಂಚಿನಲ್ಲಿ ಕೂರಬೇಕು. ಮುಂದೆ ತನ್ನ ಮನೆಯ ಸಂಬಂಧ ಕೇಳಲು ಆ ಮಗು ಬೆಳೆದು ಬಂದರೆ ಮುಖ ತಿರುಗಿಸಬಾರದು. ಅತ್ಯಾಚಾರಕ್ಕೆ ಸಿಕ್ಕಿದವಳಿಗೆ ಏನು ಹೇಳಬೇಕೆಂಬುದು ನನಗೆ ತೋಚುವುದಿಲ್ಲ. ನನ್ನ ನಂಬಿಕೆ ಒಂದು ಕಡೆ ಎಳೆದರೆ ಅವಳ ಮುಖ ಇನ್ನೊಂದು ಕಡೆ ಎಳೆಯುತ್ತದೆ. ಅಲ್ಲಿ ಮೊದಲು ಮಾತಾಡುವ ಹಕ್ಕು ನನ್ನದಲ್ಲ ಎಂಬಷ್ಟು ಬಲ್ಲೆ. ಈ ಸಾಲವನ್ನು ತೀರಿಸಲು ಮನಸ್ಸಿಲ್ಲದವನು ಸುಮ್ಮನಿರುವುದು ಲೇಸು. ಸಾಲ ತೀರಿಸಿದವನ ‘ಬೇಡ’ವನ್ನು ಹೆಣ್ಣುಮಗಳು ಕೇಳಿಯಾಳು, ಏಕೆಂದರೆ ಅದರಲ್ಲಿ ಅವಳಿಗೆ ಒಂದು ಮನೆ ಕಾಣುತ್ತದೆ.

ಆ ಹುಡುಗಿ ಮಗುವನ್ನು ಎತ್ತಿಕೊಂಡು ಮುಂದೆ ಊರು ಬಿಟ್ಟಳು. ಮಗು ಹೆಣ್ಣು. ಇಷ್ಟರಲ್ಲಿ ಅದು ತಾನೇ ತಾಯಿಯಾಗುವಷ್ಟು ದೊಡ್ಡದಾಗಿರಬೇಕು. ಪ್ರತಿ ಸೆಪ್ಟೆಂಬರಿನಲ್ಲಿ ಇಗರ್ಜಿಯಿಂದ ಕದಿರು ಹಿಡಿದು ಬರುವಾಗ ಆ ಮನೆಯಿದ್ದ ಜಾಗದಲ್ಲಿ ನನ್ನ ನಡಿಗೆ ನಿಧಾನವಾಗುತ್ತದೆ. ಈಗ ಅಲ್ಲಿ ಕೊಡುವುದಕ್ಕೆ ಯಾರೂ ಇಲ್ಲ.